ಮೆಟ್ಟಿಲ ಕೆಳಗಿನ ನಿರ್ದೇಶಕರು

ನಮ್ಮ ಕಾಲೇಜಿನಲ್ಲಿ ಅತಿ ಉದ್ದದ ನಾಮಫಲಕ ಯಾರದು ಹೇಳಿ ನೋಡೋಣ. ಪ್ರಾಂಶುಪಾಲರದಲ್ಲ, ಡೀನ್‌ದೂ ಅಲ್ಲ. ಮೆಟ್ಟಿಲ ಕೆಳಗಿನ ಸಣ್ಣ ಕೊಠಡಿಯ ಬಾಗಿಲ ಮೇಲಿರೋ ‘ನಿರ್ದೇಶಕರು, ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಭಾಗ’ ಅನ್ನೋದು. ಬೋರ್ಡು ಬಾಗಿಲಿಗಿಂತ ಅಗಲ. ಒಳಗೆ ಒಂದು ಮೇಜು, ಎರಡು ಕುರ್ಚಿ, ಗಾಳಿ ಹೋದ ಆರೇಳು ವಾಲಿಬಾಲು, ಒಂದು ಮೂಲೆ ಮುರಿದ ಕೇರಂ ಬೋರ್ಡು, ಮತ್ತೆ ನಾವು.

ನಾವು ಅಂದ್ರೆ ಚಿನಕುರಳಿ ಹೋಬಳಿ ಕಡೆಯಿಂದ ದಿನಾ ಬಸ್ಸಲ್ಲಿ ಬರೋ ಐದು ಜನ. ಲ್ಯಾಬ್ ಮುಗಿದ ಮೇಲೆ ಪಾಂಡವಪುರದ ಬಸ್ಸಿಗೆ ಒಂದೂವರೆ ಗಂಟೆ ಟೈಮ್ ಇರೋದ್ರಿಂದ ಆ ಕೊಠಡಿಯೇ ನಮಗೆ ಬಸ್‌ಸ್ಟ್ಯಾಂಡು. ಸುಮ್ನೆ ಕೂತವರನ್ನ ನೋಡಿ ಸರ್ ಒಂದಿನ ಒಂದು ಕಟ್ಟು ಅರ್ಜಿ ಕೊಟ್ಟು ‘ಇದನ್ನ ಬ್ರಾಂಚ್ ಪ್ರಕಾರ ಜೋಡಿಸಿ’ ಅಂದ್ರು. ಹಾಗೆ ಶುರುವಾಗಿದ್ದು ಎರಡು ವರ್ಷ ನಡೀತು. ಯಾರೂ ಆರಿಸದೆ ನಾವು ಕ್ರೀಡಾ ಸಮಿತಿ ಆಗಿಬಿಟ್ವಿ.

ಈ ಕುರ್ಚಿಯ ಕೆಲಸ ಏನು ಅಂತ ಕೇಳಿದ್ರೆ ಕಾಲೇಜಲ್ಲಿ ಹತ್ತಕ್ಕೆ ಒಂಬತ್ತು ಜನ ಹೇಳೋದು ಒಂದೇ: ಸೀಟಿ ಊದೋದು. ಆಗಸ್ಟ್ 15ಕ್ಕೆ ಧ್ವಜದ ಹಗ್ಗ ಸರಿಯಾಗಿದೆಯಾ ನೋಡೋದು. ಫೆಸ್ಟ್ ದಿನ ಗೇಟಲ್ಲಿ ನಿಂತು ಹೊರಗಿನ ಹುಡುಗರನ್ನ ಓಡಿಸೋದು. ನಾವು ಎರಡು ವರ್ಷದಲ್ಲಿ ಸರ್ ಸೀಟಿ ಊದಿದ್ದನ್ನ ನೋಡಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಮಿಕ್ಕಿದ್ದೆಲ್ಲ ಕಾಗದ. ಯಾರ ಹೆಸರು, ಯಾವ ಸೆಮಿಸ್ಟರು, ಯಾವ ಆಟ, ಎಲ್ಲಿ ಕೂಟ, ಯಾವತ್ತು ಹೊರಡಬೇಕು, ಊಟದ ಭತ್ಯೆ ಎಷ್ಟು, ಅದು ಹೋಗೋಕೆ ಮುಂಚೆ ಕೈಗೆ ಸಿಗುತ್ತಾ ಅಥವಾ ಬಂದಮೇಲಾ. ಈ ಕಡೇ ಪ್ರಶ್ನೆ ಇದೆಯಲ್ಲ, ಅದರ ಮೇಲೆ ಎಷ್ಟು ತಂಡಗಳ ಹಣೆಬರಹ ನಿಂತಿದೆ ಅನ್ನೋದು ಹೊರಗಿನವರಿಗೆ ಗೊತ್ತಾಗಲ್ಲ.

ವ್ಯವಸ್ಥೆ ಹೀಗಿದೆ. ಕಾಲೇಜಿಗೊಬ್ಬ ದೈಹಿಕ ಶಿಕ್ಷಣ ನಿರ್ದೇಶಕರು. ಅವರ ಮೇಲೆ ವಿಶ್ವವಿದ್ಯಾಲಯಕ್ಕೊಬ್ಬ ನಿರ್ದೇಶಕರು; ಅಂತರ ಕಾಲೇಜು ಕೂಟಗಳ ವೇಳಾಪಟ್ಟಿ, ಆತಿಥ್ಯ ಯಾವ ಕಾಲೇಜಿಗೆ, ವಿಶ್ವವಿದ್ಯಾಲಯದ ತಂಡದಲ್ಲಿ ಯಾರು ಅನ್ನೋದೆಲ್ಲ ಆ ಮೇಜಿಂದ ಬರುತ್ತೆ. ಅದಕ್ಕೂ ಮೇಲೆ ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿ ಅಂತ ಶುರುವಾದ ಸಂಸ್ಥೆ ಅದು, ಈಗಿನ ಹೆಸರು ಬಂದಿದ್ದು 1973ರಲ್ಲಿ. ಕಬಡ್ಡಿ, ವಾಲಿಬಾಲ್ ಥರದ ಆಟಕ್ಕೆ ಮೊದಲು ದಕ್ಷಿಣ ವಲಯ, ಅಲ್ಲಿ ಗೆದ್ದರೆ ಅಖಿಲ ಭಾರತ. ವರ್ಷದ ಒಟ್ಟು ಸಾಧನೆಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. 1956-57ರಿಂದ ಕೊಡ್ತಿದ್ದಾರೆ, ಅದನ್ನ ಹೆಚ್ಚಾಗಿ ಎತ್ತಿಕೊಂಡು ಹೋಗೋರು ಅಮೃತಸರ, ಪಟಿಯಾಲ, ಚಂಡೀಗಢದವರು.

ಈ ಹುದ್ದೆಗೆ ಆಯ್ಕೆ ಆಗೋದು ಸುಲಭ ಅಂದ್ಕೊಂಡಿದ್ರೆ ಯುಜಿಸಿಯ 2018ರ ನಿಯಮಾವಳಿ ಓದಿ. ಸ್ನಾತಕೋತ್ತರ ಪದವಿ, ಎನ್‌ಇಟಿ ಅಥವಾ ಪಿಎಚ್‌ಡಿ, ಆಟ ಆಡಿದ ದಾಖಲೆ, ಇವೆಲ್ಲ ಇದ್ದೂ ಓಡಿ ತೋರಿಸಬೇಕು! 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, 40ರವರೆಗಿನವರು 1500, 45ರವರೆಗಿನವರು 1200, 50ರವರೆಗಿನವರು 800. ಹೆಂಗಸರಿಗೆ 8 ನಿಮಿಷ. 1000 ಮೀಟರಿಂದ ಶುರುವಾಗಿ 400ಕ್ಕೆ ಇಳಿಯುತ್ತೆ. ಥರ್ಮೋಡೈನಮಿಕ್ಸ್ ಹೇಳಿಕೊಡೋರಿಗೆ ಇಂಥದ್ದೊಂದು ಪರೀಕ್ಷೆ ಇಟ್ಟಿದ್ರೆ ನಮ್ಮ ಎಷ್ಟು ಡಿಪಾರ್ಟ್‌ಮೆಂಟು ಖಾಲಿ ಹೊಡೀತಿತ್ತೋ! ತಮಾಷೆ ಏನಂದ್ರೆ, ಹೀಗೆ ಓಡಿಸಿ ನೋಡಿ ತಗೊಂಡವರನ್ನ ನಾವು ತಂದು ಕೂರಿಸೋದು ಮೇಜಿನ ಹಿಂದೆ.

ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ನಮ್ಮವರ ಜೊತೆ ಹೋಗಿದ್ದಾಗ ಒಂದು ನೋಟ ಕಂಡಿತ್ತು. ಟ್ರ್ಯಾಕಲ್ಲಿ ಓಟ ನಡೀತಿದೆ, ಜನ ಕೂಗ್ತಿದ್ದಾರೆ. ಶಾಮಿಯಾನದ ಕೆಳಗೆ ಕ್ರೀಡಾ ವಿಭಾಗದ ಹಿರಿಯರೊಬ್ಬರು ಟ್ರ್ಯಾಕಿಗೆ ಬೆನ್ನು ಹಾಕಿ ಕೂತಿದ್ದಾರೆ. ಅವರ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳ ರಾಶಿ. ಒಂದೊಂದನ್ನೂ ಬೆರಳಿಟ್ಟು ಓದ್ತಿದ್ದಾರೆ: ಹುಟ್ಟಿದ ತಾರೀಖು, ಪಾಸಾದ ವರ್ಷ, ಈಗಿನ ಕೋರ್ಸಿಗೆ ಸೇರಿದ ದಿನ. ಓಟ ನೋಡೋಕೆ ತೀರ್ಪುಗಾರರಿದ್ದಾರೆ, ಗಡಿಯಾರ ಇದೆ. ಅಂಕಪಟ್ಟಿ ನೋಡೋಕೆ ಇವರೊಬ್ಬರೇ. ಅರ್ಹತಾ ಪತ್ರದಲ್ಲಿ ಒಂದು ತಾರೀಖು ತಪ್ಪಿದ್ರೆ ಅಲ್ಲಿ, ಎರಡು ಸಾವಿರ ಕಿಲೋಮೀಟರ್ ಆಚೆ, ಯಾರೋ ಆಕ್ಷೇಪಣೆ ಹಾಕ್ತಾರೆ. ರಿಲೇ ತಂಡದಲ್ಲಿ ಒಬ್ಬರ ಕಾಗದ ಬಿದ್ದುಹೋದ್ರೆ ಮಿಕ್ಕ ಮೂವರೂ ಟ್ರ್ಯಾಕ್‌ಸೂಟ್ ಹಾಕ್ಕೊಂಡು ಗ್ಯಾಲರಿಯಲ್ಲಿ ಕೂರಬೇಕು.

ಈ ಕುರ್ಚಿ ಬೇರೆ ಕಡೆ ಹೇಗಿರುತ್ತೆ ಅಂತ ನೋಡೋಣ. ಅದಕ್ಕೆ ಮೈಸೂರಿನ ಒಬ್ಬರ ದಾರಿ ಹಿಡೀಬಹುದು. ಡಿಸ್ಕಸ್ ಎಸೆತದ ವಿಕಾಸ್ ಗೌಡ ಹುಟ್ಟಿದ್ದು 1983ರಲ್ಲಿ ಮೈಸೂರಲ್ಲಿ. ಚಿಕ್ಕ ವಯಸ್ಸಲ್ಲೇ ಅಮೆರಿಕಕ್ಕೆ ಹೋದ್ರು. ಓದಿದ್ದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ, ಅಲ್ಲಿದ್ದಾಗಲೇ 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದ್ರು. ಆಮೇಲೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ನಮಗೆ ಚಿನ್ನ. ಅವರು ಓದುವಾಗ ಅಲ್ಲಿನ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದವರು ಡಿಕ್ ಬ್ಯಾಡೂರ್, 1997ರಿಂದ 2011ರವರೆಗೆ. ಆ ಕುರ್ಚಿಗೂ ನಮ್ಮ ಮೆಟ್ಟಿಲ ಕೆಳಗಿನ ಕುರ್ಚಿಗೂ ಹೆಸರೊಂದೇ ಹೋಲಿಕೆ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ತಂಡಗಳು, ಪ್ರತಿ ತಂಡಕ್ಕೂ ಕೋಚು, ಕೋಚನ್ನ ತಗೊಳ್ಳೋದು ತೆಗೆಯೋದು ಡೈರೆಕ್ಟರ್ ಕೈಲಿ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲಿನ ಟಿಕೆಟ್ಟು ಮತ್ತೆ ಟೀವಿ ದುಡ್ಡಲ್ಲಿ ಮಿಕ್ಕ ಆಟಗಳು ಬದುಕಬೇಕು. ಡಿಸ್ಕಸ್ ನೋಡೋಕೆ ಅಲ್ಲೂ ಯಾರೂ ಟಿಕೆಟ್ ತಗೊಳ್ಳಲ್ಲ. 1972ರ ಟೈಟಲ್ ನೈನ್ ಕಾನೂನು ಬಂದಮೇಲೆ ಹುಡುಗಿಯರಿಗೂ ಸರಿಸಮಾನ ಅವಕಾಶ ಕೊಡಲೇಬೇಕು, ಆ ಲೆಕ್ಕವನ್ನೂ ಅವರೇ ಒಪ್ಪಿಸಬೇಕು.

ಕೇಳೋಕೆ ಚೆಂದ. ಆದ್ರೆ ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಥೆ ಇದೆ. 2014ರಲ್ಲಿ ಬಂದ ವೈನ್‌ಸ್ಟೈನ್ ವರದಿ ಅಂತ ಹುಡುಕಿ ಓದಿ. ಒಂದು ವಿಭಾಗದಲ್ಲಿ 18 ವರ್ಷ ಹೆಸರಿಗಷ್ಟೇ ಇದ್ದ ಕ್ಲಾಸುಗಳು ನಡೆದಿವೆ. ಪಾಠ ಇಲ್ಲ, ಮೇಷ್ಟ್ರಿಲ್ಲ, ಒಂದು ಪ್ರಬಂಧ ಕೊಟ್ರೆ ಒಳ್ಳೇ ಗ್ರೇಡು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದರಲ್ಲಿ ಕೂತೆದ್ದಿದ್ದಾರೆ, ಹತ್ತಿರತ್ತಿರ ಅರ್ಧದಷ್ಟು ಕ್ರೀಡಾಪಟುಗಳು. ಇದು ಆ ಸಂಸ್ಥೆಯ ಕಥೆ, ವಿಕಾಸ್ ಅವರ ಕಥೆ ಅಲ್ಲ, ಅದನ್ನ ಬೆರೆಸಬಾರದು. ನಮಗೆ ಹೊಳೆದಿದ್ದು ಇಷ್ಟು: ಅಲ್ಲಿ ಆಟದ ಭಾರಕ್ಕೆ ಪಾಠ ಬಾಗಿತು. ನಮ್ಮಲ್ಲಿ ಪಾಠ ಒಂದು ಗೆರೆಯೂ ಬಾಗಲ್ಲ, ಅದರ ಮುಂದೆ ಆಟ ಅರ್ಜಿ ಹಿಡಿದು ನಿಂತಿರುತ್ತೆ. ಎರಡೂ ಕಡೆ ಸಿಕ್ಕಿಹಾಕಿಕೊಳ್ಳೋದು ಓಡೋ ಹುಡುಗನೇ, ಹುಡುಗಿಯೇ.

ಅಮೆರಿಕ ದೂರ ಆಯ್ತು ಅಂದ್ರೆ ಮೂಡುಬಿದಿರೆಗೆ ಬನ್ನಿ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ನಡೆಯಿತು. ಆತಿಥ್ಯ ಯಾರದು ಅಂದ್ರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು! ಡಾಕ್ಟರು, ನರ್ಸು ಓದೋರ ವಿಶ್ವವಿದ್ಯಾಲಯ ಮುನ್ನೂರು ಕಿಲೋಮೀಟರ್ ಆಚೆ ದೇಶದ ಕೂಟ ಮಾಡಿತು. ಗೆದ್ದಿದ್ದು ಮಂಗಳೂರು ವಿಶ್ವವಿದ್ಯಾಲಯ. ಇದರ ಗುಟ್ಟು ಯಾವ ವಿಶ್ವವಿದ್ಯಾಲಯದ ಆಫೀಸಲ್ಲೂ ಇಲ್ಲ, ಆಳ್ವಾಸ್ ಹಾಸ್ಟೆಲಿನ ಅಡುಗೆಮನೆಯಲ್ಲಿದೆ. ಮೋಹನ್ ಆಳ್ವರ ಸಂಸ್ಥೆ ಓಡೋ ಹುಡುಗ ಹುಡುಗಿಯರನ್ನ ದತ್ತು ಅಂತ ತಗೊಂಡು ಊಟ, ವಸತಿ, ಓದು ಎಲ್ಲ ನೋಡಿಕೊಳ್ಳುತ್ತೆ. ನಮ್ಮ ವಿತಾವಿ ಅಥ್ಲೆಟಿಕ್ಸಲ್ಲೂ ಅವರ ಇಂಜಿನಿಯರಿಂಗ್ ಕಾಲೇಜು ಹಲವು ಸಲ ಸಮಗ್ರ ಪ್ರಶಸ್ತಿ ಹೊತ್ತಿದೆ. ಅವರ ಓಟಗಾರರು ಬೆಳಿಗ್ಗೆ ಎದ್ದು ಟ್ರ್ಯಾಕಿಗೆ ಹೋಗ್ತಾರೆ. ನಮ್ಮವರು ಬೆಳಿಗ್ಗೆ ಎದ್ದು ಹಾಲು ಡೈರಿಗೆ ಹಾಕಿ, ಆರೂ ಮುಕ್ಕಾಲಿನ ಬಸ್ಸಿಗೆ ಓಡ್ತಾರೆ. ಅದೂ ಓಟವೇ ಬುಡಿ, ಆದ್ರೆ ಅದಕ್ಕೆ ಯಾರೂ ಗಡಿಯಾರ ಹಿಡಿಯಲ್ಲ.

ಈಗ ನಮ್ಮೂರಿನ ವಿಷಯಕ್ಕೆ ಬರ್ತೀವಿ. ಚಿನಕುರಳಿ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ ನೋಡಿದವರಿಗೆ ಗೊತ್ತು. ಬೇಬಿ ಬೆಟ್ಟದ ಜಾತ್ರೆಗೆ ದನ ಸೇರಿದಂಗೆ ಮಕ್ಕಳು ಸೇರ್ತವೆ. ಮೂರು ನಾಲ್ಕು ಜನ ಪಿಟಿ ಮೇಷ್ಟ್ರುಗಳು ಹಿಂದಿನ ದಿನ ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿರ್ತಾರೆ. ಮಳೆ ಬಂದ್ರೆ ರಾತ್ರಿಯೆಲ್ಲ ತೊಳೆದುಹೋಗಿ ಬೆಳಿಗ್ಗೆ ಮತ್ತೆ ಹಾಕ್ತಾರೆ. ಬರಿಗಾಲಲ್ಲಿ ಓಡೋದು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಯಾರೋ ಒಬ್ಬ ಮೇಷ್ಟ್ರು ಅರ್ಜಿ ತುಂಬಿ, ಮಕ್ಕಳನ್ನ ಬಸ್ಸು ಹತ್ತಿಸಿ, ಕೈಯಿಂದ ಚಿತ್ರಾನ್ನ ಕೊಡಿಸಿ ಕರಕೊಂಡು ಹೋದ್ರೆ ಮಾತ್ರ ಮುಂದಿನ ಮೆಟ್ಟಿಲು. ನಮ್ಮಪ್ಪ ಅಮ್ಮಂದಿರಿಗೆ ಕಬ್ಬಿನ ಕಟಾವು ಆರ್ಡರ್ ಹೇಗೆ ಬರುತ್ತೆ ಗೊತ್ತು, ನಾಲೆಗೆ ನೀರು ಯಾವತ್ತು ಬಿಡ್ತಾರೆ ಗೊತ್ತು. ಅರ್ಹತಾ ಪತ್ರ ಅಂದ್ರೆ ಏನು ಅಂತ ಗೊತ್ತಿಲ್ಲ. ಮನೇಲಿ ಗೊತ್ತಿರೋರು ಇದ್ದ ಮಕ್ಕಳಿಗೆ ಈ ಕುರ್ಚಿ ಒಂದು ಅನುಕೂಲ, ಅಷ್ಟೇ. ನಮ್ಮಂಥವರಿಗೆ ಈ ಕುರ್ಚಿ ಬಿಟ್ರೆ ಬೇರೆ ಬಾಗಿಲಿಲ್ಲ.

ನಮ್ಮ ಐದು ಜನರಲ್ಲಿ ಒಬ್ಬಳು 400 ಮೀಟರ್ ಓಡ್ತಿದ್ಲು. ಓಡ್ತಿದ್ದಿದ್ದು ನಾಲೆ ಏರಿ ಮೇಲೆ, ಅವಳ ಅಣ್ಣ ಬೈಕಲ್ಲಿ ಹಿಂದೆ. ಐದನೇ ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯದ ರಿಲೇ ತಂಡಕ್ಕೆ ಹೆಸರು ಬಂತು. ನಾವು ಕೊಠಡಿಯಲ್ಲೇ ಕುಣಿದಾಡಿಬಿಟ್ವಿ, ಒಂದು ವಾಲಿಬಾಲ್ ಹೋಗಿ ಟ್ಯೂಬ್‌ಲೈಟಿಗೆ ತಗುಲಿತು. ಸರ್ ಮಾತ್ರ ಕುಣಿಯಲಿಲ್ಲ. ಅವರು ಗೋಡೆ ಮೇಲಿನ ಕ್ಯಾಲೆಂಡರ್ ಆಫ್ ಈವೆಂಟ್ಸ್ ನೋಡ್ತಾ ನಿಂತಿದ್ರು. ಕೂಟದ ದಿನಗಳೂ ಎರಡನೇ ಇಂಟರ್ನಲ್ ಟೆಸ್ಟಿನ ದಿನಗಳೂ ಒಂದೇ.

ಮೊದಲ ಫೋನು ಅವಳ ಅಪ್ಪನಿಗೆ. ಸ್ಪೀಕರ್ ಹಾಕಿದ್ರು, ನಾವೆಲ್ಲ ಕೇಳಿಸ್ಕೊಂಡ್ವಿ. ಆ ಕಡೆಯಿಂದ ಮೂರೇ ಪ್ರಶ್ನೆ. ‘ಯಾರ್ ಜೊತೆ ಹೋಯ್ತಳೆ ಸಾ?’ ‘ಎಲ್ ಮನೀಕತಳೆ?’ ‘ಯಾವತ್ತ್ ಬತ್ತಳೆ?’ ಸರ್ ಒಂದೊಂದಕ್ಕೂ ನಿಧಾನವಾಗಿ ಹೇಳಿದ್ರು: ತಂಡದ ಜೊತೆ ಮಹಿಳಾ ಮ್ಯಾನೇಜರ್ ಬರ್ತಾರೆ, ಅವರ ನಂಬರ್ ಕೊಡ್ತೀನಿ, ಉಳಿಯೋದು ಅಲ್ಲಿನ ಕ್ಯಾಂಪಸ್ಸಿನ ಹುಡುಗೀರ ಹಾಸ್ಟೆಲಲ್ಲಿ, ವಾಪಸ್ ಟಿಕೆಟ್ಟು ಇಂಥಾ ತಾರೀಖಿಗೆ. ಆಮೇಲೆ ಹತ್ತು ನಿಮಿಷ ಇಬ್ಬರೂ ಕಬ್ಬಿನ ಬಾಕಿ ದುಡ್ಡಿನ ಬಗ್ಗೆ ಮಾತಾಡಿದ್ರು. ‘ಆಯ್ತು ಕಳಿಸ್ತೀನಿ ಬುಡಿ’ ಅಂದ್ರು ಅವಳ ಅಪ್ಪ. ಕ್ರೀಡಾ ಆಡಳಿತ ಅಂತ ಯಾರಾದ್ರೂ ಪಠ್ಯಪುಸ್ತಕ ಬರೆದ್ರೆ ಆ ಮೂರು ಪ್ರಶ್ನೆಗಳನ್ನ ಮೊದಲ ಅಧ್ಯಾಯ ಮಾಡಬೇಕು ಅಂತ ನಮಗನ್ನಿಸ್ತು.

ಟಿಕೆಟ್ಟಿನ ಕಷ್ಟ ಬೇರೆ. ರೈಲ್ವೆಯವರು 2024ರ ನವೆಂಬರಿಂದ ಮುಂಗಡ ಬುಕಿಂಗನ್ನ 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಇಳಿಸಿದ್ರೂ ಏನು, ತಂಡದ ಪಟ್ಟಿ ಕೈಗೆ ಬರೋ ಹೊತ್ತಿಗೆ ಎಲ್ಲಾ ವೇಟಿಂಗ್ ಲಿಸ್ಟು. ಎರಡು ರಾತ್ರಿ ಒಂದು ಸೀಟಲ್ಲಿ ಇಬ್ಬರು ಕೂತು ಹೋಗಿ ಮೂರನೇ ಬೆಳಿಗ್ಗೆ ಹೀಟ್ಸ್ ಓಡಿ ಅಂದ್ರೆ ಯಾವ ಕಾಲು ಓಡುತ್ತೆ? ಈ ಸಲ ಹೇಗೋ ಕನ್ಫರ್ಮ್ ಆಯ್ತು.

ಉಳಿದಿದ್ದು ಟೆಸ್ಟು. ಇಲ್ಲಿ ಸ್ವಲ್ಪ ಲೆಕ್ಕ ಹೇಳ್ಬೇಕು, ನಮ್ಮ ಓದುಗರಿಗೆ ಇದು ಕಂಠಪಾಠ. ಸಿಐಇಯಲ್ಲಿ 50ಕ್ಕೆ 20 ಬರದಿದ್ರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸಲ್ಲ. ಹಾಜರಿ ಶೇಕಡ 85. ಹಾಜರಿಗೆ ಆನ್ ಡ್ಯೂಟಿ ಪತ್ರ ಇದೆ, ಸರ್ ಸಹಿ ಹಾಕಿದ್ರೆ ಆಯ್ತು. ಟೆಸ್ಟಿಗೆ ಅಂಥ ಪತ್ರ ಇಲ್ಲ. ಸರ್ ನಾಲ್ಕು ದಿನ ಫೈಲು ಹಿಡಿದು ಒಂದೊಂದು ಡಿಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿದ್ರು. ಪಿಎಚ್‌ಡಿ ಮಾಡಿದ, ತಾನೂ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಪರವಾಗಿ ಓಡಿದ ಮನುಷ್ಯ ಬಾಗಿಲ ಹೊರಗಿನ ಬೆಂಚಲ್ಲಿ ಕೂತು ಕಾಯ್ತಿದ್ರು. ಹೆಚ್ಚಿನ ಮೇಷ್ಟ್ರುಗಳು ‘ಬಂದ ಮೇಲೆ ಬೇರೆ ಪ್ರಶ್ನೆಪತ್ರಿಕೆ ಕೊಡ್ತೀನಿ’ ಅಂದ್ರು, ಅವರಿಗೆ ದೊಡ್ಡ ನಮಸ್ಕಾರ. ಒಂದು ವಿಷಯದಲ್ಲಿ ಮಾತ್ರ ‘ನಿಯಮದಲ್ಲಿ ಇಲ್ಲ’ ಅಂತ ಉತ್ತರ ಬಂತು. ಅದೂ ಸುಳ್ಳಲ್ಲ, ನಿಯಮದಲ್ಲಿ ಇರಲಿಲ್ಲ.

ಅವತ್ತು ಸಂಜೆ ನಾವು ಐದು ಜನ ಅರ್ಹತಾ ಪತ್ರದ ಒಂದು ಹಾಳಾದ ಪ್ರತಿ ಹಿಂದೆ ಲೆಕ್ಕ ಹಾಕ್ತಾ ಕೂತ್ವಿ. ಮೊದಲ ಟೆಸ್ಟಿಂದು ಇಷ್ಟು, ಎರಡನೇದು ಸೊನ್ನೆ, ಅಸೈನ್‌ಮೆಂಟ್ ಪೂರ್ತಿ ಬಂದ್ರೆ ಇಷ್ಟು. ಒಟ್ಟು 22. ಇನ್ನೊಂದು ಸಲ ಹಾಕಿದ್ವಿ, 22. ಎರಡು ಮಾರ್ಕಿನ ಅಂಚಲ್ಲಿ ಒಂದು ಸೆಮಿಸ್ಟರು. ಬಸ್ಸಿನ ಟೈಮ್ ಆಗಿತ್ತು, ಯಾರೂ ಏಳಲಿಲ್ಲ. ಅವಳು ಪೆನ್ನಿನ ಕ್ಯಾಪ್ ಹಾಕಿ ‘ಹೋಯ್ತೀನಿ ಸಾರ್’ ಅಂದ್ಲು. ಸರ್ ಏನೂ ಹೇಳದೆ ಆನ್ ಡ್ಯೂಟಿ ಪತ್ರಕ್ಕೆ ಸಹಿ ಹಾಕಿದ್ರು.

ಇಲ್ಲೇ ನಮ್ಮ ತಕರಾರು. ಸಹಿ ಹಾಕೋ ಅಧಿಕಾರ ಇದೆ, ದಿನಾಂಕ ಸರಿಸೋ ಅಧಿಕಾರ ಇಲ್ಲ. ವರ್ಷದ ಕ್ಯಾಲೆಂಡರ್ ಮಾಡೋ ಸಭೆಗೆ ಪರೀಕ್ಷಾ ವಿಭಾಗ ಬರುತ್ತೆ, ಎಲ್ಲಾ ಹೆಚ್‌ಒಡಿಗಳು ಬರ್ತಾರೆ, ಪ್ಲೇಸ್‌ಮೆಂಟಿನವರು ಬಂದು ‘ಆ ವಾರ ಕಂಪನಿ ಬರುತ್ತೆ’ ಅಂದ್ರೆ ಎಲ್ಲರೂ ಪೆನ್ಸಿಲ್ ಎತ್ತಿ ದಿನಾಂಕ ಬದಲಾಯಿಸ್ತಾರೆ. ನಮ್ಮ ಕಾಲೇಜಲ್ಲಿ ಆ ಸಭೆಗೆ ಕ್ರೀಡಾ ನಿರ್ದೇಶಕರಿಗೆ ಕರೆ ಇಲ್ಲ. ವಿತಾವಿಯ 2022ರ ಸ್ಕೀಮಿನಲ್ಲಿ ದೈಹಿಕ ಶಿಕ್ಷಣ, ಎನ್‌ಎಸ್‌ಎಸ್, ಯೋಗ ಈ ಮೂರರಲ್ಲೊಂದು ಕಡ್ಡಾಯ. ಮೂರನೇ ಸೆಮಿಸ್ಟರಿಂದ ಆರರವರೆಗೆ. ಕ್ರೆಡಿಟ್ ಸೊನ್ನೆ, ಆದ್ರೆ ಅದು ಮುಗಿಸದಿದ್ರೆ ಡಿಗ್ರಿ ಇಲ್ಲ. ಒಳ್ಳೇದೇ. ಇದರಿಂದ ಸರ್ ಮೇಜಿನ ಮೇಲೆ ನೂರಾರು ಹುಡುಗರ ಮಾರ್ಕ್ಸ್ ಪಟ್ಟಿ ಜಾಸ್ತಿ ಆಯ್ತು. ಸಭೆಯಲ್ಲಿ ಕುರ್ಚಿ ಜಾಸ್ತಿ ಆಗಲಿಲ್ಲ. ನಾರ್ತ್ ಕೆರೊಲಿನಾದ ದುಡ್ಡು ನಮಗೆ ಬೇಡ, ಅಲ್ಲಿನ ಸುಳ್ಳು ಕ್ಲಾಸು ಖಂಡಿತ ಬೇಡ. ಸಿಂಥೆಟಿಕ್ ಟ್ರ್ಯಾಕು ಕೂಡ ಈಗಲೇ ಬೇಕು ಅಂತ ಕೇಳ್ತಿಲ್ಲ. ಆ ಸಭೆಯಲ್ಲಿ ಇನ್ನೊಂದು ಕುರ್ಚಿ ಹಾಕಿ, ಜೊತೆಗೆ ‘ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ಮರುಟೆಸ್ಟ್’ ಅಂತ ಒಂದು ಸಾಲು ನಿಯಮದಲ್ಲಿ ಸೇರಿಸಿ. ಕುರ್ಚಿಗಳೇನೋ ನಮ್ಮ ಸೆಮಿನಾರ್ ಹಾಲಲ್ಲಿ ಬೇಕಾದಷ್ಟಿವೆ.

ರಿಲೇ ತಂಡ ಹೀಟ್ಸ್‌ನಲ್ಲೇ ಹೊರಬಿತ್ತು. ಅವಳು ಎರಡನೇ ಲೆಗ್ ಓಡಿದ್ಲು, ಬ್ಯಾಟನ್ ತಗೊಂಡಾಗ ಆರನೇ ಜಾಗ, ಕೊಟ್ಟಾಗ ನಾಲ್ಕನೇದು. ವಿಡಿಯೋದಲ್ಲಿ ಅವಳು ಕಾಣೋದು ಹನ್ನೊಂದು ಸೆಕೆಂಡು, ಅದನ್ನ ನಾವು ಬಸ್ಸಲ್ಲಿ ಎಷ್ಟು ಸಲ ನೋಡಿದ್ವೋ ಲೆಕ್ಕ ಇಲ್ಲ. ವಾಪಸ್ ಬಂದು ಟೆಸ್ಟುಗಳನ್ನ ಬರೆದ್ಲು. ಆ ಇನ್ನೊಂದು ವಿಷಯದಲ್ಲಿ 21 ಬಂತು, ಅಸೈನ್‌ಮೆಂಟಲ್ಲಿ ಒಂದು ಮಾರ್ಕ್ ಕಟ್ ಆಗಿತ್ತು. ವಿಶ್ವವಿದ್ಯಾಲಯದ ಹೆಸರಿರೋ ಟ್ರ್ಯಾಕ್‌ಸೂಟ್ ಜಾಕೆಟ್ ಅವಳಿಗೆ ದೊಗಲೆ. ಅದನ್ನ ಈಗ ಅವರಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಆನ್ ಮಾಡೋಕೆ ಹಾಕ್ಕೊಂಡು ಹೋಗ್ತಾರಂತೆ.

ಸರ್ ಈ ವರ್ಷವೂ ಅದೇ ಕೊಠಡಿಯಲ್ಲಿದ್ದಾರೆ, ಟ್ಯೂಬ್‌ಲೈಟ್ ಬದಲಾಗಿದೆ. ನಾವು ಏಳನೇ ಸೆಮಿಸ್ಟರಿಗೆ ಬಂದ್ವಿ, ಪ್ರಾಜೆಕ್ಟು ತಲೆ ತಿಂತಿದೆ, ಕೊಠಡಿಗೆ ಹೋಗೋದು ಕಮ್ಮಿ ಆಗಿದೆ. ಅರ್ಜಿ ಜೋಡಿಸೋಕೆ ಯಾರಾದ್ರೂ ಬೇಕು. ಮತ್ತೆ ಅಥ್ಲೆಟಿಕ್ಸ್ ಆಯ್ಕೆಗೆ ಹೆಸರು ಕೊಡೋ ಜೂನಿಯರ್ಸ್‌ಗೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಎರಡು ಫೋಟೋ. ಎಸ್ಸೆಸ್ಸೆಲ್ಸಿದು ಒರಿಜಿನಲ್ಲೇ ತನ್ನಿ, ಜೆರಾಕ್ಸ್ ತಂದ್ರೆ ಸರ್ ವಾಪಸ್ ಕಳಿಸ್ತಾರೆ.